ಮನಶ್ಶಾಸ್ತ್ರಕ್ಕೆ ಪಗಾರ ಎಷ್ಟು?

ಮಗಳಿರುವ ತಂದೆ ಆಯುಷ್ಯದಲ್ಲಿ ಸಾಕಷ್ಟು ಸುಳ್ಳು ಹೇಳಿರುತ್ತಾನೆ. ಸೈಕಲ್ಲು ಮುಂದಿನ ಬೋನಸ್ಸಿಗೆ ಬರುತ್ತದೆ, ಇಂಜೆಕ್ಷನ್ ನೋಯುವುದಿಲ್ಲ, ಬೆಕ್ಕಿನ ಮರಿ ತಾನಾಗಿಯೇ ತಾಯಿಯನ್ನು ಹುಡುಕಿಕೊಂಡು ಹೋಯಿತು. ಇವನ್ನೆಲ್ಲ ದೇವರು ಮನ್ನಿಸುತ್ತಾನೆಂದು ನನ್ನ ನಂಬಿಕೆ. ಆದರೆ ಬ್ಯಾಂಕಿನ ಹೊಸ್ತಿಲನ್ನೇ ತುಳಿಯದೆ, ಎದುರಿನ ಹೋಟೆಲಿನಲ್ಲಿ ಕುಳಿತು ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಮನೆಗೆ ಬಂದು "ಮ್ಯಾನೇಜರ್ ಸಾಹೇಬ್ರು ಸಾಲ ಕೊಡಂಗಿಲ್ಲ ಅಂದ್ರವಾ" ಎಂದು ಮಗಳಿಗೆ ಹೇಳಿದ ತಂದೆಗೆ ಮಾಫಿ ಇದೆಯೋ ಇಲ್ಲವೋ ತಿಳಿಯದು. ಆ ತಂದೆ ನಾನೇ.

ಮಗಳು ನಿರ್ಮಲಾ ದಾಂಡೇಲಿಯಲ್ಲೇ ಬಿ.ಎ. ಮುಗಿಸಿದ್ದಳು. ಮಂಗಳೂರಿನ ಕಾಲೇಜೊಂದರಲ್ಲಿ ಮನಶ್ಶಾಸ್ತ್ರದ ಎಂ.ಎ.ಗೆ ಸೀಟು ಸಿಕ್ಕಿತ್ತು. ಫೀ, ಹಾಸ್ಟೆಲ್ಲು ಎಲ್ಲ ಸೇರಿ ನಮ್ಮಂಥವರಿಗೆ ದೊಡ್ಡ ಮೊತ್ತ. ಬ್ಯಾಂಕು ಶಿಕ್ಷಣ ಸಾಲ ಕೊಡುತ್ತದೆ, ತಂದೆಯ ಸಹಿ ಬೇಕು ಎಂದಳು. ನಾನೋ ಎಸ್ಸೆಸ್ಸೆಲ್ಸಿ ಮುಗಿಸಿ ಪೇಪರ್ ಮಿಲ್ಲಿಗೆ ಸೇರಿದವನು. ಬಿದಿರಿನ ಲಾರಿಗಳನ್ನು ಗೇಟಿನಲ್ಲಿ ಎಣಿಸಿ ಒಳಗೆ ಬಿಡುವುದು ನನ್ನ ಕೆಲಸ. ಗುತ್ತಿಗೆದಾರ ಏನೇ ಹೇಳಲಿ, ನಾವೇ ಕಣ್ಣಾರೆ ಎಣಿಸಬೇಕು. ಬಿದಿರು ಹಸಿಯಾಗಿದ್ದರೆ ಅದರೊಳಗಿನ ನೀರಿನ ಭಾರ ಕಳೆಯಬೇಕು. ಇಷ್ಟು ವರ್ಷ ಇದನ್ನೇ ಮಾಡಿದ ಮನುಷ್ಯ ಮಗಳ ಓದನ್ನೂ ಲಾರಿಯಂತೆ ನೋಡುತ್ತಾನೆ.

"ಓದಿದ ಮ್ಯಾಲ ಪಗಾರ ಎಷ್ಟು ಬರತೈತಿ?" ಎಂದೆ.

"ಮದಲ ಕಮ್ಮೀನ ಇರತೈತಪ್ಪಾ. ಆಮ್ಯಾಲಿಂದು ಹೇಳಾಕ ಬರೂದಿಲ್ಲ."

ಗುತ್ತಿಗೆದಾರನಾಗಿದ್ದರೆ ಮೂರು ಪಟ್ಟು ಹೇಳುತ್ತಿದ್ದ. ಅವಳ ಪ್ರಾಮಾಣಿಕತೆಯೇ ಅವಳಿಗೆ ಮುಳುವಾಯಿತು. ಹುಚ್ಚರ ಡಾಕ್ಟರು ಅಂದಮೇಲೆ ಒಳ್ಳೆಯ ಗಳಿಕೆಯೇ ಇರಬೇಕಲ್ಲ ಎಂದು ಕೆದಕಿದೆ. "ಡಾಕ್ಟರ್ ಅಲ್ಲಪ್ಪಾ, ಗುಳಗಿ ಕೊಡೂದಿಲ್ಲ. ಕುಂತು ಮಾತಾಡ್ಸೂದು" ಎಂದಳು. ನನಗೆ ನಗು ತಡೆಯಲಾಗಲಿಲ್ಲ. "ಮಾತಿಗೆ ಯಾರ ರೊಕ್ಕಾ ಕೊಡ್ತಾರ? ನಿಮ್ಮವ್ವ ಇಷ್ಟು ವರ್ಷ ಪುಕ್ಕಟ ಮಾತಾಡ್ಯಾಳ." ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. "ರೊಕ್ಕಾ ತಗೊಂಡಿದ್ರ ಆದ್ರೂ ಕೇಳ್ತಿದ್ರೇನೋ!" ಎಂದಳು ನನ್ನ ಹೆಂಡತಿ.

ಸಾಲ, ಅದರ ಬಡ್ಡಿ, ಬರಲಿರುವ ಕಮ್ಮಿ ಪಗಾರ. ಹೇಗೆ ತೂಗಿದರೂ ಸಾಲದ ತಟ್ಟೆಯೇ ಕೆಳಗೆ ಕೂತಿತು. ಬೇಡವೆನ್ನುವ ಧೈರ್ಯ ನನಗಿರಲಿಲ್ಲ, ಆದ್ದರಿಂದ ಬ್ಯಾಂಕಿನ ಹೆಸರಿನಲ್ಲಿ ಬೇಡವೆಂದೆ. ಅವಳು ಅಳಲಿಲ್ಲ. ಎರಡು ದಿನ ಬಿಟ್ಟು, "ಹಳಿಯಾಳದಾಗ ಅರಿವಿ ಅಂಗಡಿಗೆ ಹುಡುಗ್ಯಾರು ಬೇಕಂತಪ್ಪಾ, ಹೋಗ್ಲೇನು?" ಎಂದು ಕೇಳಿದಳು. ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದೆ. ಕಾಲೇಜಿಗೆ ದುಡ್ಡು ಕಟ್ಟಲು ಇನ್ನೊಂದು ವಾರವಷ್ಟೇ ಉಳಿದಿತ್ತು.

ನಾನು ಹೇಳಿದ್ದು ಸುಳ್ಳಾದರೂ ನನ್ನ ಲೆಕ್ಕ ಸರಿಯಿತ್ತು ಎಂದು ನನಗೇ ಸಾಬೀತಾಗಬೇಕಿತ್ತು. ರಜೆ ಹಾಕಿ ಧಾರವಾಡದ ಬಸ್ಸು ಹತ್ತಿದೆ. ಅಲ್ಲಿ ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ 'ಬಾಯಿ' ಎಂದು ಎಲ್ಲರೂ ಕರೆಯುವ ಹೆಣ್ಣುಮಗಳೊಬ್ಬರು ಇದೇ ಮಾತಾಡಿಸುವ ಕಸುಬು ನಡೆಸುತ್ತಾರೆಂದು ಕೇಳಿದ್ದೆ. ಹೊರಗಿನ ಬೆಂಚಿನ ಮೇಲೆ ಕುಳಿತು, ಗೇಟಿನಲ್ಲಿ ಕುಳಿತ ಹಾಗೆ, ಬಂದವರನ್ನು ಎಣಿಸತೊಡಗಿದೆ. ಮಗನನ್ನು ಕರೆತಂದ ತಾಯಿ ಬಂದಳು, ತಾಯಿಯನ್ನು ಲೆಕ್ಕದಿಂದ ಕಳೆದೆ. ಗಂಡ ಹೆಂಡತಿ ಬಂದರು. ಇವರನ್ನು ಒಂದೆಂದು ಹಿಡಿಯಬೇಕೋ ಎರಡೆಂದು ಹಿಡಿಯಬೇಕೋ ತಿಳಿಯದೆ, ಅವರ ಮುಖ ನೋಡಿ ಎರಡೆಂದೇ ಹಿಡಿದೆ. ಅಷ್ಟರಲ್ಲಿ ಮೇಜಿನ ಹಿಂದಿದ್ದ ಹುಡುಗಿ, "ಯಜಮಾನ್ರ, ನಿಮ್ಮ ಪಾಳಿ ಬಂತು, ಒಳಗ ಬರ್ರಿ" ಎಂದಳು.

"ನಾ ಸುಮ್ನ ಕುಂತೇನ್ರಿ."

"ಎಲ್ಲಾರೂ ಮದಲ ಹಂಗ ಅಂತಾರ್ರಿ. ಬರ್ರಿ."

ಒಳಗಿದ್ದ ಬಾಯಿ ನಿರ್ಮಲಾಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು. "ಏನು ತ್ರಾಸ ಐತ್ರಿ ಕಾಕಾ?" ಎಂದರು.

"ನನಗೇನೂ ಇಲ್ರಿ. ನಿಮ್ಮ ಗಳಿಕಿ ಎಷ್ಟು ಅಂತ ಕೇಳಾಕ ಬಂದೇನಿ."

ಅವರು ನಗಲಿಲ್ಲ, ಸಿಟ್ಟಾಗಲಿಲ್ಲ. "ಅದನ್ನ ತಿಳ್ಕೊಂಡ್ರ ನಿಮಗ ಏನು ಹಗುರ ಆಗತೈತ್ರಿ?" ಎಂದು ಕೇಳಿ ಸುಮ್ಮನೆ ಕುಳಿತರು. ಆ ಸುಮ್ಮನಿರುವಿಕೆ ಬಹಳ ಅಪಾಯದ್ದು. ಗುತ್ತಿಗೆದಾರನೊಡನೆ ಗಂಟೆಗಟ್ಟಲೆ ವಾದಿಸಬಲ್ಲ ನನಗೆ ಅದರೆದುರು ಐದು ನಿಮಿಷ ನಿಲ್ಲಲಾಗಲಿಲ್ಲ. ಭಜಿಯಿಂದ ಹಿಡಿದು ಬಟ್ಟೆ ಅಂಗಡಿಯವರೆಗೆ ಎಲ್ಲ ಹೊರಬಿತ್ತು. ಅದರ ಬೆನ್ನಿಗೆ ನಾನು ಯಾರಿಗೂ ಹೇಳದ ಮಾತೂ ಬಂತು. ನಾಳೆ ಮಿಲ್ಲಿನವರು ನನ್ನನ್ನು ಮನೆಗೆ ಕಳಿಸಿದರೆ, ಇಲ್ಲವೇ ನಾನೇ ಕಣ್ಣು ಮುಚ್ಚಿದರೆ, ಈ ಸಾಲ ಹುಡುಗಿಯ ಕೊರಳಿಗೆ ಬೀಳುತ್ತದೆ. ಸಾಲ ಹೊತ್ತ ಹುಡುಗಿಯನ್ನು ಯಾವ ಮನೆಯವರು ಸೊಸೆ ಮಾಡಿಕೊಂಡಾರು? ಹೇಳುತ್ತ ಹೇಳುತ್ತ ಟೋಪಿ ತೆಗೆದು ಕಣ್ಣೊರೆಸಿಕೊಂಡೆ.

"ಇದನ್ನ ಮಗಳ ಮುಂದ ಹೇಳೀರೇನ್ರಿ?" ಎಂದಷ್ಟೇ ಕೇಳಿದರು. ಫೀಸು ನೂರು ರೂಪಾಯಿ. ಕೊಟ್ಟೆ. ಕೊಡುವಾಗ ಚೌಕಾಸಿ ಮಾಡಬೇಕೆಂದೂ ಹೊಳೆಯಲಿಲ್ಲ.

ಮೆಟ್ಟಿಲಿಳಿದರೆ ಎದುರಿಗೆ ನಮ್ಮ ಮಿಲ್ಲಿನ ಇಮಾಮಸಾಬ. ಹೆಂಡತಿಯ ಔಷಧಿಗೆ ಬಂದಿದ್ದ. ಮಹಡಿಯ ಬೋರ್ಡನ್ನು ಓದಿದ, ನನ್ನ ಕೆಂಪು ಕಣ್ಣು ನೋಡಿದ, ನನ್ನ ಕೈಚೀಲ ಇಸಿದುಕೊಂಡು ಬಸ್ಸಿನವರೆಗೆ ಹೊತ್ತು ತಂದ. ಮರುದಿನ ಮಿಲ್ಲಿನಲ್ಲಿ ಯಾರೂ ನನಗೆ ಎದುರು ಮಾತಾಡಲಿಲ್ಲ. ಬೈಗುಳಕ್ಕೇ ಹೆಸರಾದ ಸೂಪರ್ವೈಜರು, "ನೆಳ್ಳಾಗ ಕುಂದರ್ರಿ" ಎಂದ. ಹೀಗೇ ಒಂದಷ್ಟು ದಿನ ನಡೆಯಲಿ ಅನ್ನಿಸಿತು. ಆದರೆ ಸಂಜೆ ಬಾಗಿಲಲ್ಲೇ ಹೆಂಡತಿ ತಡೆದಳು. "ರೀ, ನಿಮ್ಮ ತಲಿ ಕೆಟ್ಟೈತಂತ ನೀರಿನ ನಳದ ಮುಂದೆಲ್ಲ ಮಾತಾಡಾಕತ್ತಾರ. ಏನದು?"

ಇಬ್ಬರನ್ನೂ ಕೂಡಿಸಿಕೊಂಡು ಎಲ್ಲವನ್ನೂ ಹೇಳಿದೆ.

"ಅಂದ್ರ ನೀ ಬ್ಯಾಂಕಿಗೆ ಹೋಗೇ ಇಲ್ಲ?" ಎಂದಳು ನಿರ್ಮಲಾ.

"ಇಲ್ಲವಾ."

ಅವಳು ಎದ್ದು ಹೋಗಿ ಸಾಲದ ಕಾಗದಗಳನ್ನು ತಂದು ನನ್ನ ಮುಂದಿಟ್ಟಳು. ಅದಕ್ಕಿಂತ ಎರಡೇಟು ಬಡಿದಿದ್ದರೂ ಚೆನ್ನಾಗಿತ್ತು. "ನನ್ನ ಲಗ್ನದ ಚಿಂತಿ ನಾ ಮಾಡ್ತೇನಿ. ನಾಳೆ ಮುಂಜಾನೆ ಹತ್ತಕ್ಕ ನಡಿ. ನಿನ್ನ ಜೋಡಿ ನಾನೂ ಬರ್ತೇನಿ, ನೀ ಒಬ್ಬನ ಹೋಗಬ್ಯಾಡ" ಎಂದಳು.

ಬ್ಯಾಂಕಿನ ಮ್ಯಾನೇಜರು ಕಾಗದಗಳನ್ನು ತಿರುವಿ ಹಾಕಿ, "ಈ ವಿಷಯ ಓದಿದ್ರ ಮುಂದ ಗಿರಾಕಿ ಸಿಗ್ತಾರೇನ್ರಿ?" ಎಂದು ನನ್ನತ್ತ ನೋಡಿದರು. "ಸಿಗ್ತಾರ್ರಿ ಸಾಹೇಬ್ರ. ನಾನ ಖುದ್ದ ಹೋಗಿ ಬಂದೇನಿ" ಎಂದು ಸಹಿ ಹಾಕಿದೆ.

ಈಗ ಅವಳು ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಮಕ್ಕಳ ಮನಸ್ಸು ನೋಡಿಕೊಳ್ಳುತ್ತಾಳೆ. ಪಗಾರ ಕಮ್ಮಿಯೇ, ಆ ಲೆಕ್ಕದಲ್ಲಿ ನಾನು ತಪ್ಪಿರಲಿಲ್ಲವೆಂದು ಹೇಳಿಕೊಳ್ಳುವ ಆಸೆ ಆಗಾಗ ಬರುತ್ತದೆ, ಆದರೆ ಅವಳ ಮುಖದ ಕಳೆ ನೋಡಿ ಬಾಯಿ ಮುಚ್ಚಿಕೊಳ್ಳುತ್ತೇನೆ. ತಿಂಗಳ ಕಂತಿಗೆ ಅವಳು ಕಳಿಸಿದ್ದಕ್ಕೆ ನನ್ನದಿಷ್ಟು ಕೂಡಿಸಿ ಬ್ಯಾಂಕಿಗೆ ಕಟ್ಟಿ ಬರುವವನು ನಾನೇ. ಹಿಂದಿರುಗಿದ ಕೂಡಲೇ ಹೆಂಡತಿ ಕೈ ಚಾಚುತ್ತಾಳೆ. ರಶೀದಿ ನೋಡದ ಹೊರತು ಈ ಮನೆಯಲ್ಲಿ ನನಗೆ ಚಹಾ ಹುಟ್ಟುವುದಿಲ್ಲ.