ಕಿಸೆ ಇಲ್ಲದ ಯೂನಿಫಾರ್ಮು

ನಾನು ನನ್ನ ಪಾಡಿಗೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರೂ ಇಂಥ ಪ್ರಸಂಗಗಳು ವಿಳಾಸ ಕೇಳಿಕೊಂಡು ಮನೆಗೇ ಬರುತ್ತವೆ. ಬಂದವನ್ನು ಬಾಗಿಲಿಂದಲೇ ವಾಪಸು ಕಳಿಸುವ ಜಾಯಮಾನ ನನ್ನದಲ್ಲ. ಅದರಲ್ಲೂ ಯೂನಿಫಾರ್ಮಿನ ವಿಷಯ ಬಂದರೆ ಬೆಳಗಾವಿಯಿಂದ ಲೋಂಡಾದವರೆಗೆ ನನಗಿಂತ ದೊಡ್ಡ ಪಂಡಿತ ಯಾರೂ ಇಲ್ಲ; ಇದ್ದರೆ ಕೈ ಎತ್ತಲಿ. ಬೆಳಗಾವಿ–ಖಾನಾಪುರ ಬಸ್ಸಿನಲ್ಲಿ ಕಂಡಕ್ಟರಾಗಿ ಜೀವಮಾನವಿಡೀ ಖಾಕಿ ತೊಟ್ಟವನು ನಾನು. ನನ್ನ ಹೆಂಡತಿ ಅದಕ್ಕೆ ಹಾಕುತ್ತಿದ್ದ ಗಂಜಿ ಎಂಥದ್ದೆಂದರೆ, ನಾನು ರಜೆ ಹಾಕಿದ ದಿನ ಅಂಗಿಯೊಂದೇ ಡಿಪೋಕ್ಕೆ ಹೋಗಿ ಬಸ್ಸಿನ ಬಾಗಿಲಲ್ಲಿ ನಿಂತಿರುತ್ತಿತ್ತು. ದೇಸೂರಿನಲ್ಲಿ ಹತ್ತಿದವರು ಅದರ ಹತ್ತಿರವೇ ಟಿಕೆಟ್ ತೆಗೆಸಿ, ಚಿಲ್ಲರೆಗಾಗಿ ಅದರ ಕೂಡ ಜಗಳವನ್ನೂ ಆಡಿ ಇಳಿದುಹೋಗುತ್ತಿದ್ದರು.

ಅಂಥ ನಾನೇ ಎದೆ ತಟ್ಟಿ ಹೇಳುತ್ತೇನೆ: ಮೂರೂವರೆ ವರ್ಷದ ಕೂಸಿಗೆ ಯೂನಿಫಾರ್ಮು ಬೇಡ. ಯಾಕೆ ಬೇಡ ಅಂದರೆ, ಕೇಳಿ.

ಖಾಕಿ ಹೇಳಿದ ಮೇಲೆ

ನಾನಿನ್ನೂ ಕೆಲಸದಲ್ಲಿದ್ದಾಗಿನ ಮಾತು. ಪಾರಿಶ್ವಾಡದಲ್ಲಿ ನಮ್ಮ ಅಕ್ಕನ ಮಗನ ಮದುವೆ. ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ಹೊತ್ತಿಲ್ಲದೆ ಖಾಕಿಯಲ್ಲೇ ಹೋದೆ. ಹಂದರದಲ್ಲಿ ಕಾಲಿಡುವುದೇ ತಡ, ಒಬ್ಬ ಮುದುಕಿ ಕೈ ಹಿಡಿದು ನಿಲ್ಲಿಸಿದಳು.

"ತಮ್ಮಾ, ಖಾನಾಪುರ ಬಸ್ಸು ಎಷ್ಟೊತ್ತಿಗಿ ಐತಿ?"

"ಅಜ್ಜಿ, ನಾ ಮದುಮಗನ ಸ್ವಾದರಮಾವ ಇದ್ದೇನಿ."

"ಇರವಲ್ಲ್ಯಾಕ. ಬಸ್ಸು ಎಷ್ಟೊತ್ತಿಗಿ ಅದನ್ನ ಹೇಳು."

ಅಷ್ಟರಲ್ಲಿ ಮದುಮಗನ ಮೆರವಣಿಗೆಯ ಜೀಪು ಹೂವಿನ ಅಲಂಕಾರ ಮಾಡಿಕೊಂಡು ನಿಂತಿತು. ಅದನ್ನು ನಡೆಸುವವನು ನಮ್ಮ ಡಿಪೋದ ಡ್ರೈವರನೇ, ರಜೆ ಹಾಕಿ ಬಂದಿದ್ದ. ಮದುಮಗ ಬಾಸಿಂಗ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತ. ನಾನು ಜೀಪಿನ ಹಿಂದೆ ನಿಂತಿದ್ದೆ. ಕೈ ಸುಮ್ಮನಿರಬೇಕಲ್ಲ! ರೂಢಿಯ ಹಾಗೆ ತಗಡಿಗೆ ಎರಡು ಸಲ ಬಡಿದು "ರೈಟ್!" ಅಂದುಬಿಟ್ಟೆ.

ಜೀಪು ಹೊರಟಿತು. ಬ್ಯಾಂಡಿನವರು ಊದುತ್ತಲೇ ಸ್ವಲ್ಪ ದೂರ ಓಡಿದರು, ಆಮೇಲೆ ಊದುವುದಕ್ಕೂ ಓಡುವುದಕ್ಕೂ ಒಂದೇ ಉಸಿರು ಸಾಲದೆ ಕೂತುಬಿಟ್ಟರು. ಜೀಪು ನಿಂತದ್ದು ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿ, ನಮ್ಮ ಬಸ್ಸು ನಿಲ್ಲುವ ಜಾಗದಲ್ಲೇ, ಒಂದು ಗೇಣೂ ಆಚೀಚೆ ಇಲ್ಲ. ಮುಹೂರ್ತ ತಪ್ಪುವುದರೊಳಗೆ ಹೇಗೋ ವಾಪಸು ತಂದೆವು. ನಾನು ಡ್ರೈವರನನ್ನು ತರಾಟೆಗೆ ತೆಗೆದುಕೊಂಡೆ.

"ಲೇ, ಮದುಮಗ ಹಿಂದ ಕುಂತು ನಿಲ್ಸು ನಿಲ್ಸು ಅಂತ ಒದರಿದ್ರೂ ಯಾಕ ನಿಲ್ಲಿಸ್ಲಿಲ್ಲೋ?"

"ಅಣ್ಣಾ, ಪ್ಯಾಸೆಂಜರ್ ದಿನಾ ಒದರ್ತಾರ. ಖಾಕಿ ರೈಟ್ ಅಂದಮ್ಯಾಲೆ ನಾ ಯಾರ ಮಾತೂ ಕೇಳಂಗಿಲ್ಲ!"

ಎರಡು ವರ್ಷ ಬರಲಿ

ಈಗ ಮೊಮ್ಮಗಳ ಕಥೆಗೆ ಬರುತ್ತೇನೆ. ನೆಹರು ನಗರದಲ್ಲಿರುವ ನನ್ನ ಮಗಳು ತನ್ನ ಮಗಳನ್ನು ಈ ಜೂನಿನಲ್ಲಿ ಹತ್ತಿರದ ಶಿಶುವಿಹಾರಕ್ಕೆ ಸೇರಿಸಿದಳು. ಚೌಕಡಿ ಅಂಗಿ, ಕೆಂಪು ಟೈ, ಬೆಲ್ಟು, ಲೇಸಿನ ಬೂಟು, ಹುಬ್ಬಿನ ತನಕ ಇಳಿಯುವ ಟೋಪಿ ಎಲ್ಲ ಕಡ್ಡಾಯ. ಕೂಸಿಗೆ ಬೂಟಿನಲ್ಲಿ ಎಡ ಯಾವುದು ಬಲ ಯಾವುದು ಗೊತ್ತಿಲ್ಲ, ಕುತ್ತಿಗೆಗೆ ಮಾತ್ರ ಬ್ಯಾಂಕ್ ಮ್ಯಾನೇಜರನ ಟೈ!

ಅಂಗಡಿಗೆ ಹೋದೆವು. ನಮ್ಮ ಊರಿನ ಅವ್ವಂದಿರದು ಒಂದು ಪದ್ಧತಿ ಉಂಟು. ಮಕ್ಕಳಿಗೆ ಅಂಗಿ ಕೊಳ್ಳುವಾಗ ಈಗಿರುವ ಮಗುವಿಗೆ ಕೊಳ್ಳುವುದಿಲ್ಲ, ಮುಂದೆ ಆಗಲಿರುವ ಮಗುವಿಗೆ ಕೊಳ್ಳುತ್ತಾರೆ. ನನ್ನ ಮಗಳೂ "ಎರಡ ವರ್ಷ ಬರಬೇಕ್ರಿ" ಅಂದಳು. ಅಂಗಡಿಯವ ಎಂಥ ಅಂಗಿ ತಂದನೆಂದರೆ, ಕೂಸು ಒಳಗೆ ಹೋದದ್ದು ಹೊರಗೆ ಬರಲಿಲ್ಲ. ನಾವು ಕಾಲರಿನಲ್ಲಿ ಇಣುಕಿ ಕರೆದರೆ ತೋಳಿನಿಂದ "ಓ" ಅನ್ನುತ್ತಿತ್ತು.

ಕೊನೆಗೆ ಮುಖ ಮೇಲೆ ಬಂದಾಗ ಅದು ಕೇಳಿದ್ದು ಒಂದೇ ಪ್ರಶ್ನೆ: "ಅಜ್ಜಾ, ಕಿಸೆ ಎಲ್ಲೈತಿ?"

ಕಿಸೆ ಇರಲಿಲ್ಲ. ಇವಳ ಹಳದಿ ಫ್ರಾಕಿಗೆ ಇದೆ. ಅಜ್ಜಿ ತನ್ನ ಹಳೇ ಸೀರೆ ಕತ್ತರಿಸಿ ಹೊಲಿದ ಫ್ರಾಕು ಅದು. ಮುಂದೆ ದೊಡ್ಡದೊಂದು ಕಿಸೆ. ಅದರಲ್ಲಿ ಚುರುಮುರಿ, ಬಳೆಚೂರು, ಹೊಳೆಯುವ ಕಲ್ಲು, ಕೆಲವೊಮ್ಮೆ ಜೀವಂತ ಇರುವೆ, ಒಟ್ಟಿನಲ್ಲಿ ಇವಳ ಸಂಸಾರವೆಲ್ಲ ಇರುತ್ತದೆ. ಕಿಸೆ ಇಲ್ಲದ ಅಂಗಿ ಒಲ್ಲೆ ಎಂದು ನೆಲಕ್ಕೆ ಕೂತಳು.

"ಕಿಸೆ ಇಲ್ಲಂದ್ರ ಕೈ ಎಲ್ಲಿ ಇಡ್ಲಿ?" ಅಂತ ಅಳು.

ಅಂಗಡಿಯವ ಅಂಗಿ ಮಡಚುತ್ತ ಸಮಾಧಾನ ಹೇಳಿದ: "ಮೊದ್ಲ ಕೈ ತೋಳಿನ್ಯಾಗಿಂದ ಹೊರಗ ಬರ್ಲಿ ಬಿಡವ್ವಾ. ಇಡೂ ಮಾತು ಆಮ್ಯಾಲೆ!"

ಕುರ್ಚಿ

ಮರುದಿನ ಮೊಮ್ಮಗಳಿಗೆ ಹಳದಿ ಫ್ರಾಕನ್ನೇ ಹಾಕಿ, ಕೈಹಿಡಿದು ನಾನೇ ಶಾಲೆಗೆ ನಡೆದೆ. ಇಂಥ ಮಾತುಕತೆಗೆ ನಾನೇ ಆಗಬೇಕು. ಸಂತೆಯ ದಿನ ಎಮ್ಮೆಕರುವಿಗೆ ಅರ್ಧ ಟಿಕೆಟ್ಟೋ ಪೂರ್ತಿ ಟಿಕೆಟ್ಟೋ ಎಂಬ ವಾದದಲ್ಲಿ ವಕೀಲರನ್ನೇ ಬಸ್ಸಿಂದ ಇಳಿಸಿದ ಆಸಾಮಿ ನಾನು.

"ಬರ್ರಿ ಅಜ್ಜಾರ, ಕುಂದರ್ರಿ" ಅಂದರು ದೊಡ್ಡ ಟೀಚರು. ಅಲ್ಲಿದ್ದದ್ದು ಮಕ್ಕಳ ಪ್ಲಾಸ್ಟಿಕ್ ಕುರ್ಚಿ, ಎರಡೂ ಬಾಜು ಕೈಗಳಿರುವಂಥದ್ದು. ಕೂತೆ. ಒಳಗೆ ಹೋಗುವಾಗಲೇ ಅದು ಕಿರ್ರೆಂದಿತು.

"ನೋಡ್ರಿ, ಯೂನಿಫಾರ್ಮ್ ಇದ್ರ ಎಲ್ಲಾ ಮಕ್ಕಳೂ ಸಮಾನ. ಬಡವರು ಶ್ರೀಮಂತರು ಅನ್ನೂದು ಕಾಣಂಗಿಲ್ಲ."

ಮಾತು ಖರೇ ಇತ್ತು, ಒಪ್ಪಿದೆ. ಆದರೆ ಅಲ್ಲೇ ಊಟದ ಡಬ್ಬಿ ತೆರೆಯುವ ಹೊತ್ತಾಗಿತ್ತು. ಒಂದರಲ್ಲಿ ಗೋಡಂಬಿ, ಇನ್ನೊಂದರಲ್ಲಿ ಚಪಾತಿ-ಚಟ್ನಿಪುಡಿ.

"ಡಬ್ಬಿ ತೆಗದ ಕೂಡ್ಲೇ ಸಮಾನತೆ ಮುಗೀತಲ್ರಿ ಟೀಚರ?"

"ಹಂಗಲ್ಲ ಅಜ್ಜಾರ. ಶಿಸ್ತು ಅಂತ ಒಂದ ಇರಬೇಕಲ್ಲ."

ಅವರು ಶಿಸ್ತು ಎಂದದ್ದೇ ತಡ, ಒಂದು ಗಂಡುಕೂಸು ಬೆಲ್ಟು ಹಿಡಿದುಕೊಂಡು ಕುಣಿಯುತ್ತ ಬಂತು. "ಟೀಚರ್, ಸುಸೂ!" ಆಯಾ ಬಂದು ಬಕಲ್ ಎಳೆದಳು. ದೊಡ್ಡ ಟೀಚರು ಎಳೆದರು. ಕೂತಲ್ಲಿಂದಲೇ ನಾನೂ ಕೈಹಾಕಿದೆ. ಕೆಟ್ಟುನಿಂತ ಬಸ್ಸಿನ ಬಾಗಿಲನ್ನು ಒಂದೇ ಕೈಯಲ್ಲಿ ಕಿತ್ತವನು, ಬೆಲ್ಟೇನು ಮಹಾ! ಬಕಲ್ ಬಿಚ್ಚಿಯೇ ಬಿಟ್ಟಿತು. ಆದರೆ ಅಷ್ಟರಲ್ಲಿ ಅದರ ಅಗತ್ಯವೇ ಇರಲಿಲ್ಲ. ಆಯಾ ಆ ಹುಡುಗನಿಗೆ ಮನೆಯಿಂದ ತಂದಿದ್ದ ಮೀನಿನ ಚಿತ್ರದ ಚಡ್ಡಿ ತೊಡಿಸಿದಳು. ಅವನು ನಕ್ಕೊಂತ ಆಡಲು ಓಡಿದ. ಶಿಸ್ತು ಹೋದದ್ದಕ್ಕೆ ಅತ್ತವರು ಯಾರೂ ಇಲ್ಲ.

ದೊಡ್ಡ ಟೀಚರು ಕೊನೆಯ ಅಸ್ತ್ರ ತೆಗೆದರು. "ಮಗು ಎಲ್ಲ್ಯರೆ ಕಳದ್ರ ಏನ ಮಾಡ್ತೀರಿ? ಯೂನಿಫಾರ್ಮ್ ನೋಡಿ ಯಾವ ಸಾಲಿ ಅಂತ ಗೊತ್ತಾಗತೈತಿ."

ಈ ಮಾತಿಗೆ ನಾನೇ ರಾಜಿಗೆ ಇಳಿದೆ. "ಆತು, ಅದಕ್ಕೊಂದು ಕಿಸೆ ಹಚ್ಚಾಕ ಅಪ್ಪಣಿ ಕೊಡ್ರಿ. ನಾಳಿಂದನ ಹಾಕ್ಕೊಂಡ ಬರ್ತಾಳ."

"ಸಾಧ್ಯ ಇಲ್ರಿ. ಒಬ್ಬಾಕಿಗಿ ಬಿಟ್ರ ನಾಳೆ ಎಲ್ಲಾರೂ ಕೇಳ್ತಾರ. ಶನಿವಾರ ಗುಂಜಿಗೆ ರೈಲು ಪ್ರವಾಸ ಐತಿ, ಅಲ್ಲೀತನಕಾ ಬರ್ಲಿ. ಸೋಮವಾರದಿಂದ ಯೂನಿಫಾರ್ಮ್, ಇಲ್ಲಂದ್ರ ಬ್ಯಾರೆ ಸಾಲಿ ನೋಡ್ಕೋರಿ."

ಆಗಲೇ ಗೆಳತಿಯರನ್ನು ಗಿಟ್ಟಿಸಿಕೊಂಡು ಉಸುಕಿನಲ್ಲಿ ಮನೆ ಕಟ್ಟುತ್ತಿದ್ದ ಕೂಸನ್ನು ಒಂದು ಕಿಸೆಗಾಗಿ ಹೊರಗೆ ಹಾಕುವುದೇ? ನನ್ನ ಮೈಯೆಲ್ಲ ಉರಿದುಹೋಯಿತು. "ನೋಡೇ ಬಿಡೂಣು!" ಎಂದು ಎದ್ದು, ಎದೆ ಸೆಟೆಸಿ, ಹಿಂದೆ ತಿರುಗಿ ನೋಡದೆ ಹೊರಟೆ. ಗೇಟಿನ ಹತ್ತಿರ ಆಯಾ ಏದುಸಿರು ಬಿಡುತ್ತ ಓಡಿ ಬಂದಳು.

"ಅಜ್ಜಾರ, ಕುರ್ಚಿ ಕೊಟ್ಟು ಹೋಗ್ರಿ!"

ಯಾವ ಅರ್ಧ?

ಶನಿವಾರದ ಪ್ರವಾಸಕ್ಕೆ ಮಕ್ಕಳನ್ನು ಎಣಿಸಲು ಜನ ಬೇಕೆಂದರು. ತುಂಬಿದ ಬಸ್ಸಿನಲ್ಲಿ ಕಣ್ಣುಮುಚ್ಚಿ ತಲೆ ಎಣಿಸಿದವನು ನಾನು. ಕರೆಯುವ ಮೊದಲೇ ಸ್ಟೇಷನ್ನಿನಲ್ಲಿದ್ದೆ. ನಸುಕಿನ ಹೊತ್ತು. ಬೆಳಗಾವಿಯ ಅಜ್ಜಿಯಂದಿರಿಗೆ ವರ್ಷವಿಡೀ ಚಳಿಗಾಲವೇ, ಹೀಗಾಗಿ ಪ್ರತಿ ಕೂಸಿನ ಮೇಲೂ ಮನೆಯಲ್ಲಿ ಹೆಣೆದ ಸ್ವೆಟರು ಇತ್ತು: ಗುಲಾಬಿ, ಹಸಿರು, ಗಿಣಿ ಇದ್ದದ್ದು, ಗಿಣಿ ಮಾಡಲು ಹೋಗಿ ಕೋಳಿ ಆದದ್ದು. ದೊಡ್ಡ ಟೀಚರಿಗೆ ಸರಿಬರಲಿಲ್ಲ. ಫೋಟೋದಲ್ಲಿ ಯೂನಿಫಾರ್ಮು ಕಾಣಬೇಕೆಂದು ಎಲ್ಲ ಬಿಚ್ಚಿಸಿ ಒಂದು ದೊಡ್ಡ ಚೀಲಕ್ಕೆ ತುಂಬಿಸಿ ನನ್ನ ಹೆಗಲಿಗೇರಿಸಿದರು. ನನ್ನ ಮೊಮ್ಮಗಳೊಬ್ಬಳೇ ಹಳದಿ ಫ್ರಾಕಿನಲ್ಲಿ, ಕೈ ಕಿಸೆಯಲ್ಲಿ.

ರೈಲು ಖಾನಾಪುರದಲ್ಲಿ ನಿಂತಾಗ ಅಲ್ಲಿಯ ಒಂದು ಶಿಶುವಿಹಾರವೂ ಹತ್ತಿತು, ಗುಂಜಿಗೇ. ನೋಡುತ್ತೇನೆ, ಅದೇ ಚೌಕಡಿ, ಅದೇ ಟೈ, ಅದೇ ಟೋಪಿ! ಬೆಳಗಾವಿಯ ಅದೇ ಅಂಗಡಿಯವ ಅದೇ ಥಾನಿನಿಂದ ಅವರಿಗೂ ಕತ್ತರಿಸಿ ಕೊಟ್ಟಿದ್ದ.

ಗುಂಜಿಯಲ್ಲಿ ಇಳಿದೆವೋ ಇಲ್ಲವೋ, ಅಡವಿಯ ಅಂಚಿನಿಂದ ಮಂಗಗಳು ಬಂದವು. ಎರಡೂ ಶಾಲೆಯ ಮಕ್ಕಳು ಹೋ ಎಂದು ಒಟ್ಟಿಗೇ ಅತ್ತ ನುಗ್ಗಿದವು. ನಾವು ಹಿಡಿದು ತರುವುದರೊಳಗೆ ಎಲ್ಲ ಕಲಸಿ ಒಂದೇ ಹಿಟ್ಟಾಗಿತ್ತು. ನಾನು ಎಣಿಸಿದೆ; ಒಟ್ಟು ತಲೆ ಸರಿ ಇದ್ದವು. ಆದರೆ ವಾಪಸು ಹೋಗುವಾಗ ಖಾನಾಪುರದಲ್ಲಿ ಅರ್ಧ ಇಳಿಸಬೇಕು. ಯಾವ ಅರ್ಧ?

ಮಕ್ಕಳಿಗೆ ಕಲಿಸುವ ನಮ್ಮ ಟೀಚರಮ್ಮ ಕೆಲಸಕ್ಕೆ ಸೇರಿ ಒಂದು ವಾರ. ಅವರ ಟೀಚರಮ್ಮನೂ ಹೊಸಬರು. ದೊಡ್ಡ ಟೀಚರಿಗೆ ಗೊತ್ತಿದ್ದದ್ದು ಮಕ್ಕಳ ಅಪ್ಪಂದಿರ ಮುಖ ಮಾತ್ರ.

"ಬೆಳಗಾವಿ ಮಕ್ಕಳೆಲ್ಲಾ ಈ ಕಡೆ ಬರ್ರಿ!" ಅಂದರು. ಎಲ್ಲವೂ ಬಂದವು. "ಖಾನಾಪುರದವರು ಆ ಕಡೆ ಹೋಗ್ರಿ!" ಎಲ್ಲವೂ ಹೋದವು.

ಒಂದೊಂದನ್ನೇ ಹಿಡಿದು ಕೇಳಿದರು. "ನಿನ್ನ ಹೆಸರೇನವ್ವಾ?" "ಚಿನ್ನಿ." "ನಿಂದು?" "ಚಿನ್ನಿ." "ನಿಂದೇನಪ್ಪಾ?" "ಬಾಳ್ಯಾ." "ಅಪ್ಪನ ಹೆಸರು?" "ಪಪ್ಪಾ." "ಮನಿ ಎಲ್ಲೈತಿ?" "ಅಲ್ಲಿ." ತೋರಿಸಿದ್ದು ಮಂಗಗಳು ಹೋದ ಕಡೆಗೆ.

ಖಾನಾಪುರದ ಟೀಚರಮ್ಮ ಮರಾಠಿಯಲ್ಲಿ "ಅಗ ಬಾಯೀ, ಆತಾ ಕಾಯ ಕರೂ!" ಎಂದು ಹಣೆ ಬಡಿದುಕೊಂಡರು. ನಮ್ಮ ಟೀಚರಮ್ಮ ಅದನ್ನೇ ಕನ್ನಡದಲ್ಲಿ "ಅಯ್ಯವ್ವಾ, ಈಗೇನ ಮಾಡ್ಲಿ!" ಎಂದು ಅಳತೊಡಗಿದರು. ಈ ಗದ್ದಲದಲ್ಲೇ ಮಧ್ಯಾಹ್ನವಾಗಿ, ಅತ್ತ ವಾಪಸು ಹೋಗುವ ರೈಲಿನ ಸಿಳ್ಳು ಕೇಳಿಸಿತು.

ಆಗ ಒಂದು ಯುಕ್ತಿ ಹೊಳೆಯಿತು. ನನಗೇ ಹೊಳೆದದ್ದು. ಅದಕ್ಕೆ ಸ್ವಲ್ಪ ಮುಂಚೆ ಮೊಮ್ಮಗಳು ಚುರುಮುರಿ ತಿನ್ನುತ್ತ "ಅಜ್ಜಾ, ಇವರ ಸ್ವೆಟರ್ ಯಾಕ ಕೊಡವಲ್ಲಿ?" ಅಂದದ್ದು ಬರೀ ಕಾಕತಾಳೀಯ. ಚೀಲವನ್ನು ಪ್ಲಾಟ್‌ಫಾರ್ಮಿನ ಮೇಲೆ ಸುರುವಿ ಒಂದು ಕೂಗು ಹಾಕಿದೆ: "ನಿಮ್ಮ ನಿಮ್ಮ ಸ್ವೆಟರ್ ಹಾಕ್ಕೋರಿ!"

ನೋಡಬೇಕಿತ್ತು! ತನ್ನ ಹೆಸರು ಗೊತ್ತಿಲ್ಲದ ಕೂಸಿಗೆ ತನ್ನ ಅಜ್ಜಿಯ ಹೆಣಿಗೆ ಗೊತ್ತಿತ್ತು. ಒಂದೊಂದೂ ನುಗ್ಗಿ ಗುಲಾಬಿಯದು ಗುಲಾಬಿಯನ್ನು, ಕೋಳಿಯದು ಕೋಳಿಯನ್ನು ಎಳೆದುಕೊಂಡಿತು. ಸ್ವೆಟರು ಸಿಕ್ಕವರು ನಮ್ಮವರು, ಬಾಯಿ ಬಿಟ್ಟು ನಿಂತವರು ಖಾನಾಪುರದವರು. ರೈಲು ಬರುವುದರೊಳಗೆ ಅಕ್ಕಿ ಬೇರೆ, ಬೇಳೆ ಬೇರೆ.

ಕೊನೆಗೆ ನೆಲದ ಮೇಲೆ ದೊಡ್ಡದೊಂದು ನೀಲಿ ಸ್ವೆಟರು ಉಳಿಯಿತು. "ಇದು ಯಾರದು?" ಅಂದೆ. ದೊಡ್ಡ ಟೀಚರು ಮುಂದೆ ಬಂದು ಹಾಕಿಕೊಂಡರು. ಅವರೂ ನಮ್ಮ ಶಾಲೆಯವರೇ ಎಂದು ಖಾತ್ರಿಯಾಯಿತು.

ಸೋಮವಾರ

ಭಾನುವಾರ ಎಲ್ಲರ ಫೋನಿಗೂ ದೊಡ್ಡ ಟೀಚರ ಧ್ವನಿ ಬಂತು: "ನಾಳಿಂದ ಯೂನಿಫಾರ್ಮ್ ಬ್ಯಾಡ. ಎಲ್ಲಾ ಮಕ್ಕಳೂ ಮನಿ ಅರಿವಿಯೊಳಗನ ಬರಬೇಕು." ಗೆದ್ದೆ! ಓಣಿಯಲ್ಲೆಲ್ಲ ಕುಂದಾ ಹಂಚಿದೆ. ಇಡೀ ಜಿಲ್ಲೆಯ ಕೂಸುಗಳನ್ನು ಟೈಗಳಿಂದ ಬಿಡಿಸಿದ ವೀರ ಇವನೇ ಎಂದು ಜನ ನನ್ನನ್ನು ನೋಡಲು ಬಂದರು; ಬಂದವರಲ್ಲಿ ಕೆಲವರು ಕುಂದಾಕ್ಕಾಗಿಯೂ ಬಂದಿರಬಹುದು.

ಸೋಮವಾರ ಬೆಳಿಗ್ಗೆ ಮಗಳ ಮನೆಗೆ ಹೋದೆ. ಮೊಮ್ಮಗಳು ಒಳಗಿನಿಂದ ಬಂದಳು. ಪಾದ ಮುಚ್ಚುವ ಚೌಕಡಿ ಅಂಗಿ, ಕೆಂಪು ಟೈ, ಬೆಲ್ಟು, ಟೋಪಿ!

"ಇದ್ಯಾಕವ್ವಾ? ಯೂನಿಫಾರ್ಮ್ ಬ್ಯಾಡ ಅಂದಾರಲ್ಲ?"

"ಇವತ್ತ ಇದು ನಾ ಒಬ್ಬಾಕಿನ ಹಾಕ್ಕೊಂಡಿರ್ತೇನಿ ಅಜ್ಜಾ!"

"ಮತ್ತ ಕಿಸೆ?"

ಅವಳು ಟೈ ಸರಿಸಿ ತೋರಿಸಿದಳು. ಚೌಕಡಿಯ ನಡುವೆ ಒಂದು ಹಳದಿ ಕಿಸೆ ಸೂರ್ಯನ ಹಾಗೆ ಹೊಳೆಯುತ್ತಿತ್ತು. ಹಿಂದಿನ ದಿನವೇ ಅಲ್ಲಿಗೆ ಬಂದಿದ್ದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಸೂಜಿಗೆ ದಾರ ಸುತ್ತುತ್ತ ಅಂದಳು: "ಸಾಲ್ಯಾಗ ಇನ್ನ ಅದು ಯೂನಿಫಾರ್ಮೇ ಅಲ್ಲ. ಕಿಸೆ ಹಚ್ಚಾಕ ಯಾರ ಅಪ್ಪಣಿ ಬೇಕ್ರಿ?"

ಗೇಟಿನಲ್ಲಿ ಬಣ್ಣಬಣ್ಣದ ಮಕ್ಕಳ ನಡುವೆ ದೊಡ್ಡ ಟೀಚರು ನಮ್ಮನ್ನು ನೋಡಿ ಹೌಹಾರಿದರು.

"ಅಜ್ಜಾರ! ಯೂನಿಫಾರ್ಮ್ ಹಾಕಬಾರದು ಅಂತ ಎಲ್ಲಾರಿಗೂ ಹೇಳೇವಿ. ಒಬ್ಬಾಕಿಗಿ ಬಿಟ್ರ ನಾಳೆ ಎಲ್ಲಾರೂ ಹಾಕ್ಕೊಂಡ ಬರ್ತಾರ!"

ಮೊಮ್ಮಗಳು ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. ಕೈ ಕಿಸೆಯಲ್ಲಿಟ್ಟು, ಅಂಗಿ ನೆಲ ಗುಡಿಸುತ್ತಿದ್ದರೂ ಲೆಕ್ಕಿಸದೆ, ಟೀಚರ ಬಾಜುವಿನಿಂದಲೇ ದಾಟಿ ಉಸುಕಿನ ಮನೆಯ ಕಡೆಗೆ ನಡೆದಳು. ನಾನು ಎದೆ ಸೆಟೆಸಿದೆ.

"ಏನ್ರೀ ಟೀಚರ, ಮೂರೂವರೆ ವರ್ಷದ ಕೂಸಿಗೆ ಯೂನಿಫಾರ್ಮ್ ಹಾಕಬ್ಯಾಡ ಅಂತ ಜುಲುಮಿ ಮಾಡಾಕ ನೀವ್ಯಾರ್ರಿ?"

ದೊಡ್ಡ ಟೀಚರು ನಿಟ್ಟುಸಿರು ಬಿಟ್ಟರು. "ಬರ್ರಿ ಅಜ್ಜಾರ, ಒಳಗ ಬರ್ರಿ. ಕುಂತು ಮಾತಾಡೂಣು."

"ಸಂಜೀತನಕಾ ಮಾತಾಡೂಣು ಬರ್ರಿ," ಅಂದೆ. "ಆದ್ರ ಈ ಸಲ ನಾ ನಿಂತ ಮಾತಾಡ್ತೇನಿ!"