ತಾರಿಯವನ ಮಗಳ ಮಂಡೆ

ಮಕ್ಕಳ ತಲೆ ಯಾವುದರಿಂದ ಬೆಳೆಯುತ್ತದೆ ಎಂಬ ಕುತೂಹಲವಿರುವ ಮಾಸ್ತರನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗಂಟೆ ಹೊಡೆಯುವ ಮೊದಲೇ ಅವು ಶಾಲೆಯ ಜಗಲಿಗೆ ಬಂದು ಕೂತಿರುತ್ತವೆ. ನಾನು ಮೊದಲು ಕಲಿಸುತ್ತಿದ್ದ ಭಟ್ಕಳ, ಕುಮಟೆಗಳಲ್ಲೂ ಹೀಗೇ ಆಗಿತ್ತು. ಆದರೆ ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ಹೊನ್ನಾವರದ ಹೊಳೆಯಂಚಿನ ಶಾಲೆಯಲ್ಲಿ ಎಲ್ಲವೂ ಒಬ್ಬಳೇ ಹುಡುಗಿಯ ಸುತ್ತ ನಡೆದವು.

ಅವಳು ಒಂದನೇ ಇಯತ್ತೆ. ಆರು ತಿಂಗಳಾದರೂ ಶಾಲೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅಪ್ಪ ಶರಾವತಿಯಲ್ಲಿ ತಾರಿ ದೋಣಿ ನಡೆಸಿ ಜನರನ್ನು ದಾಟಿಸುವವನು. ಒಂದು ದಿನ ಬಂದು, "ಇದಕ್ಕೆ ಮಂಡೆ ಇಲ್ಲ ಮಾಸ್ತರೇ. ಇನ್ಸ್‌ಪೆಕ್ಟರ್ ಸಾಹೇಬರು ಶಾಲೆ ತಪಾಸಣೆಗೆ ಬರೂವರೆಗೆ ನೋಡ್ವ. ಅವರೆದುರೂ ಮಾತಾಡದಿದ್ರೆ ಶಾಲೆ ಬಿಡಿಸೂದೇ" ಎಂದ.

ಯಾವುದರಿಂದ ಮಂಡೆ ಬೆಳೆಯುತ್ತದೆ ನೋಡೋಣವೆಂದು ನಾನು ಹಾಳೆ ಸೇರಿಸಿ ಒಂದು ವಹಿ ಹೊಲಿದು, ಊಟ, ನಿದ್ದೆ, ಆಟ, ಮಾತು ಎಂದು ನಾಲ್ಕು ಮನೆ ಗೆರೆ ಎಳೆದೆ.

೧. ಗಂಜಿ

ಖಾಲಿ ಹೊಟ್ಟೆಯಲ್ಲಿ ತಲೆ ಓಡುವುದಿಲ್ಲ, ಬೆಳಿಗ್ಗೆ ಗಂಜಿ ಉಣಿಸಿ ಕಳಿಸಿ ಎಂದು ತಾಯಿಗೆ ಹೇಳಿದೆ. ಮರುದಿನ ಹಾಜರಿ ಮುಗಿಯುವ ಮೊದಲೇ ಹುಡುಗಿ ಪಾಟಿಯ ಮೇಲೆ ತಲೆಯಿಟ್ಟು ಗೊರಕೆ ಹೊಡೆದಳು.

"ಎಷ್ಟು ಉಣಿಸಿದಿರಿ?" ಎಂದು ತಾಯಿಯನ್ನು ಕೇಳಿದೆ.

"ಹೊಟ್ಟೆಗೊಂದು ಪಾಲು, ಮಂಡೆಗೊಂದು ಪಾಲು."

ಊಟ, ನಿದ್ದೆ ಎರಡೂ ಮನೆಗಳು ಒಂದೇ ದಿನ ತುಂಬಿದವು.

೨. ಒಂದೆಲಗ

ಒಂದೆಲಗದ ತಂಬಳಿಯಿಂದ ನೆನಪು ಹೆಚ್ಚುತ್ತದೆ ಎನ್ನುತ್ತಾರೆ. ಅದನ್ನೂ ಹೇಳಿ ನೋಡಿದೆ. ಹುಡುಗಿ ಮುಟ್ಟಲಿಲ್ಲ. ಹಾಳಾಗುವುದು ಬೇಡವೆಂದು ಅವಳ ಅಜ್ಜಿಯೇ ಹದಿನೈದು ದಿನ ಉಂಡರು. ಹದಿನಾರನೇ ದಿನ, ನೆರೆಮನೆಯವರು ಮಗಳ ಮದುವೆಗೆಂದು ಒಯ್ದ ತಾಮ್ರದ ಹಂಡೆ ಅವರಿಗೆ ನೆನಪಾಯಿತು. ಕೇಳಲು ಹೊರಟರು.

ಆ ಮದುವೆಯ ಮದುಮಗಳಿಗೆ ಅಷ್ಟರಲ್ಲಿ ಮೊಮ್ಮಗ ಹುಟ್ಟಿದ್ದ.

೩. ಹತ್ತು ಮಾತು

ಉಳಿದದ್ದು ಆಟ ಮತ್ತು ಮಾತು. ಅಪ್ಪ ದಿನವಿಡೀ ದೋಣಿಯಲ್ಲಿ ಕೂಗಾಡಿ, ಮನೆಗೆ ಬಂದರೆ ಮೂಕ.

"ಮಗಳ ಹತ್ತಿರ ದಿನಕ್ಕೆ ಹತ್ತು ಮಾತಾದರೂ ಆಡು ಮಾರಾಯ."

"ಅದರ ಹತ್ರ ಎಂತ ಮಾತಾಡುದು? ಅದಕ್ಕೆಂತ ಹೊಳೆ ದಾಟೂದುಂಟಾ? ಮತ್ತೆ, ಹೇಳೂಕೆ ನೀವೊಬ್ಬರು! ನಿಮ್ಮ ಮನೇಲಿ ಕಾಗೆ ಕೂಗೂದು ಬಿಟ್ರೆ ಎಂತ ಕೇಳ್ತದೆ?"

ಅವನು ಹೇಳಿದ್ದು ನಿಜ. ನನ್ನ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಮಾತಿಲ್ಲದ ಮನೆಯಲ್ಲಿ ತಲೆ ಹೇಗೆ ಮಂಕಾಗುತ್ತದೆಂದು ನನಗೆ ವಹಿ ನೋಡದೆಯೇ ಗೊತ್ತಿತ್ತು.

"ಹಾಗಾದರೆ ಹೊಳೆ ದಾಟಿಸು. ರಜೆಯ ದಿನ ದೋಣಿಗೆ ಕರೆದುಕೊಂಡು ಹೋಗು."

"ಆತು" ಎಂದ.

ಅಂದಿನಿಂದ ಪ್ರತಿ ಭಾನುವಾರ ಅವಳು ದೋಣಿಯ ಮೂತಿಯಲ್ಲಿ ಕೂತು ನೋಡುತ್ತಿದ್ದಳು. ವಹಿ ಹಿಡಿದು ನಾನೂ ಹೋಗುತ್ತಿದ್ದೆ. ಎರಡು ತಿಂಗಳಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಅಪ್ಪನಿಗೆ ಮಾತ್ರ ನಮ್ಮಿಬ್ಬರೊಡನೆ ಮಾತಾಡಿ ಗಂಟಲು ಕಟ್ಟಿತು.

೪. ಸಾಹೇಬರು

ಇನ್ಸ್‌ಪೆಕ್ಟರ್ ಸಾಹೇಬರು ಬಂದದ್ದು ಭಾನುವಾರ ಸಂಜೆ, ಅದೇ ದೋಣಿಯಲ್ಲಿ. ತಪಾಸಣೆಯ ತಯಾರಿಯಲ್ಲಿ ನಾನಂದು ದೋಣಿಗೆ ಹೋಗಿರಲಿಲ್ಲ; ಬಟ್ಟೆ ಸುಕ್ಕಾಗುತ್ತದೆಂದು ಅವರು ನಡುಹೊಳೆಯಲ್ಲಿ ನಿಂತೇ ಇದ್ದರಂತೆ.

ಮರುದಿನ ಅವರು ಹುಡುಗಿಯನ್ನು ಹೆಸರು ಕೇಳಿದರು. ಅವಳು ಅವರ ಬಟ್ಟೆಯ ಇಸ್ತ್ರಿ ನೋಡಿದಳು. ಊರು ಕೇಳಿದರು. ಅವರ ಕುರ್ಚಿ ನೋಡಿದಳು. ಕಿಟಕಿಯಾಚೆ ನಿಂತಿದ್ದ ಅಪ್ಪ, ಆಗೂದಲ್ಲ ಎಂಬಂತೆ ತಲೆಯಾಡಿಸಿದ. ನಾನು ವಹಿ ಮುಚ್ಚಿದೆ. ಸಾಹೇಬರು ಬೇಸತ್ತು ಕುರ್ಚಿಯಿಂದ ಎದ್ದರು.

"ಮತ್ತೆ ನಿಂತ್ರಾ?" ಹುಡುಗಿ ಅಪ್ಪನ ಗಂಟಲಲ್ಲೇ ಗದರಿದಳು. "ಕೂತ್ಕಳಿ ಮಾರಾಯ್ರೇ! ಒಬ್ಬ ನಿಂತ್ರೆ ಎಲ್ರೂ ಹೊಳೆಗೆ!"

ಸಾಹೇಬರು ದಡಕ್ಕನೆ ಕೂತರು. ಹೆಡ್‌ಮಾಸ್ತರರು ಕೂತರು. ಕುರ್ಚಿಯಿಲ್ಲದ ನಾನು ನೆಲದ ಮೇಲೆ ಕೂತು, ವರ್ಷದ ಮೇಲೆ ಮೊದಲ ಸಲ ಗಟ್ಟಿಯಾಗಿ ನಕ್ಕೆ. ಕಿಟಕಿಯಲ್ಲಿ ಅಪ್ಪನ ತಲೆಯೂ ಕಾಣಲಿಲ್ಲ, ಗೋಡೆಯ ಬುಡದಿಂದ ದನಿ ಮಾತ್ರ ಬಂತು: "ಮಂಡೆ ಅದೆ ಮಾಸ್ತರೇ! ಬಿಡಿಸೂದಿಲ್ಲ!"

ಸಾಹೇಬರು ಬೆವರೊರೆಸಿಕೊಂಡು ಮೆಲ್ಲಗೆ ಕೇಳಿದರು, "ಮಗೂ, ನಾನೀಗ ಏಳಬಹುದೇ?"

"ದಡ ಮುಟ್ಲಿ."