ಒಬ್ಬ ಸಾಕು ಎಂದ ಭಾವ

ನಮ್ಮ ಭಾವನಿಗೆ ಹುಚ್ಚು ಅಂತ ನಾನು ಹೇಳುವುದಿಲ್ಲ. ಹೇಳಿದರೆ ಅಕ್ಕ ಬೈತಾಳೆ. ಅಷ್ಟಕ್ಕೂ ಊರಿಗೆಲ್ಲ ಗೊತ್ತಿರುವ ವಿಷಯವನ್ನು ನಾನು ಯಾಕೆ ಬಾಯಿಬಿಟ್ಟು ಹೇಳಬೇಕು, ಅಲ್ವ?

ಅವರು ಬಂಟ್ವಾಳದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಊರಿನ ಕಂಪ್ಯೂಟರುಗಳದ್ದೆಲ್ಲ ಒಂದು ದಾರಿಯಾದರೆ ಇವರದ್ದು ಯುನಿಕ್ಸು, ಲಿನಕ್ಸು! ಅದರಲ್ಲಿ ಕನ್ನಡ ಬರೆಯಲು ತಾವೇ ಅಕ್ಷರಗಳ ಸಮೇತ ಒಂದು ಕೀಲಿಮಣೆ ತಂತ್ರಾಂಶ ತಯಾರಿಸಿ, ಅದನ್ನು ‘ಪ್ಯಾಕೇಜ್’ ಮಾಡುವುದೇ ಅವರ ತಪಸ್ಸು. ಪ್ಯಾಕೇಜ್ ಅಂದರೆ ಎಂತದು ಅಂತ ನಾನು ಕೇಳಲಿಲ್ಲ. ಕೇಳದೆಯೇ ಹೇಳಿದರು.

“ಯಾವ ಫೈಲು ಎಲ್ಲಿ ಕೂರಬೇಕು, ಅದಕ್ಕೆ ಮೊದಲು ಏನೇನು ಇರಬೇಕು, ಬೇಡವಾದರೆ ಗುರುತೇ ಉಳಿಯದ ಹಾಗೆ ಹೇಗೆ ತೆಗೆಯಬೇಕು, ಎಲ್ಲ ನಾವೇ ಬರೆದು ಕಟ್ಟಿಡುವುದು. ಹಾಕುವವ ಒಂದೇ ಒಂದು ಸಾಲು ಟೈಪ್ ಹೊಡೆದರೆ ಸಾಕು, ತನ್ನಷ್ಟಕ್ಕೆ ಹೋಗಿ ಕೂರ್ತದೆ.”

ಹೇಳುವಾಗ ಅವರ ಕಣ್ಣು ನೇತ್ರಾವತಿಯ ಆಚೆ ದಡದಲ್ಲಿ ಎಲ್ಲೋ ತೇಲುತ್ತಿತ್ತು. ನಾನು ಆಕಳಿಸಿ “ಹೌದಾ” ಅಂದೆ.

ಲ್ಯಾಬಿನಲ್ಲೇ ಇದ್ದರೆ ಚಿಂತೆ ಇರಲಿಲ್ಲ, ಆ ಪ್ಯಾಕೇಜ್ ಮನೆಗೂ ಬಂತು. ಒಂದು ಭಾನುವಾರ ಅಕ್ಕ ಬಂಗುಡೆ ತರಲು ಫರಂಗಿಪೇಟೆಗೆ ಕಳಿಸಿದರೆ ಭಾವ ಖಾಲಿ ಚೀಲ ಬೀಸಿಕೊಂಡು ಬಂದರು.

“ಮೀನು ಸಿಗಲಿಲ್ವ?”

“ಫಸ್ಟ್ ಕ್ಲಾಸ್ ಬಂಗುಡೆ ಉಂಟು. ಆದರೆ ಹುಣಸೆಹುಳಿ ಮುಗಿದಿದೆ ಅಂತ ನಿನ್ನೆ ನೀನೇ ಹೇಳಿದ್ದಲ್ಲ? ಬೇಕಾದ್ದು ಮೊದಲೇ ಇಲ್ಲದಿದ್ದರೆ ಒಳಗೆ ಬಿಡುವ ಕ್ರಮ ಇಲ್ಲ.”

“ಹುಳಿಯನ್ನೂ ತರಬಹುದಿತ್ತಲ್ಲ ಮಾರಾಯ್ರೇ!”

“ನೀನು ಹೇಳಿದ್ದು ಮೀನು ಮಾತ್ರ.”

ಆ ಮಧ್ಯಾಹ್ನ ನಾವು ಉಪ್ಪಿನಕಾಯಿಯಲ್ಲಿ ಉಂಡೆವು. ಬಂಗುಡೆಯ ನೆನಪಿಗೆ ಎರಡು ತುತ್ತು ಜಾಸ್ತಿಯೇ ಹೋಯಿತು.

ಇನ್ನೊಮ್ಮೆ ಪೊಳಲಿಯ ಚಿಕ್ಕಮ್ಮನ ಮನೆಯಲ್ಲಿ ಎರಡು ದಿನ ಇದ್ದರು. ಹೊರಡುವಾಗ ಚಾಪೆ ಸುತ್ತಿ, ಕುರ್ಚಿಯನ್ನು ಹಳೆಯ ಗುರುತಿನ ಮೇಲೆಯೇ ಇಟ್ಟು, ಬಂದ ದಿನ ತಾವೇ ನೆಟ್ಟಗೆ ಮಾಡಿದ್ದ ಕ್ಯಾಲೆಂಡರನ್ನು ಪುನಃ ವಾರೆ ಮಾಡಿ ಬಂದರು! ಮರುದಿನ ಚಿಕ್ಕಮ್ಮನ ಫೋನು: “ಎಂತ ಮಾರಾಯ, ನಿನ್ನ ಭಾವ ಇಲ್ಲಿಗೆ ಬಂದದ್ದು ಹೌದಾ, ಅಲ್ಲ ನನಗೆ ಕನಸಾ?”

ಇಷ್ಟೆಲ್ಲ ಮಾಡಿ ಇಂಟರ್ನೆಟ್ಟಿನಲ್ಲಿಟ್ಟ ಆ ಕೀಲಿಮಣೆಯನ್ನು ಯಾರಾದರೂ ಹಾಕಿಕೊಂಡಿದ್ದಾರಾ? ಒಂದು ದಿನ ಚುಚ್ಚಿಯೇ ಬಿಟ್ಟೆ: “ಎಷ್ಟು ಸಾವಿರ ಜನ ಆಯಿತು ಭಾವ?”

“ಗೊತ್ತಾಗುವುದಿಲ್ಲ. ಒಬ್ಬ ಸಾಕು ಮಾರಾಯ. ಎಲ್ಲೋ ಒಂದು ಊರಲ್ಲಿ, ನನ್ನ ಗುರುತೇ ಇಲ್ಲದವ, ಬೆಳಿಗ್ಗೆ ಚಾ ಕುಡಿದು ಆ ಸಾಲು ಹೊಡೀತಾನೆ. ಅವನ ಎದುರು ಒಂದು ‘ಅ’ ಮೂಡ್ತದೆ...” ಮಾತು ಅಲ್ಲಿಗೇ ನಿಂತಿತು. ಅವರು ಆ ಊರಿಗೆ ಹೋಗಿ ಆಗಿತ್ತು.

ಹಾಕಿಕೊಂಡೆ ಅಂತ ಮೂರು ವರ್ಷ ಒಂದೇ ಒಂದು ಪತ್ರ ಬರಲಿಲ್ಲ. ದಿನಾ ಇಮೇಲ್ ತೆರೆದು ನೋಡಿ, ಸುಮ್ಮನೆ ಮುಚ್ಚುತ್ತಿದ್ದರು. ಅದನ್ನು ನೋಡಿ ನನಗೆ ಪಾಪ ಅನಿಸಿತು, ಸುಳ್ಳು ಯಾಕೆ ಹೇಳಲಿ. ಸುಳ್ಳು ಹೇಳಿದ್ದು ಆಮೇಲೆ!

ನನ್ನದು ಮೆಲ್ಕಾರಿನಲ್ಲಿ ಪುಸ್ತಕದ ಅಂಗಡಿ. ಪಕ್ಕದ ಸೈಬರ್ ಕೆಫೆಯಲ್ಲಿ ಕೂತು, ಬೆಳ್ತಂಗಡಿಯ ಒಬ್ಬ ನಿವೃತ್ತ ಮೇಷ್ಟ್ರನ್ನು ಹುಟ್ಟಿಸಿದೆ. ಅವರ ಹೆಸರಲ್ಲಿ ಭಾವನಿಗೆ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಇಮೇಲ್ ಕುಟ್ಟಿದೆ: “ನಿಮ್ಮ ಕೀಲಿಮಣೆ ಬಹಳ ಚೆಂದ. ದಿನಾ ಅದರಲ್ಲೇ ಬರೆಯುತ್ತೇನೆ. ಪರದೆಯಲ್ಲಿ ಅಕ್ಷರ ಮಾತ್ರ ಸ್ವಲ್ಪ ಸಣ್ಣದು.” ನೋಡದೆ ಇದ್ದದ್ದರಲ್ಲಿ ತಪ್ಪು ಹುಡುಕುವುದು ಏನು ದೊಡ್ಡ ವಿದ್ಯೆ!

ಮರುದಿನ ಭಾವ ಬಾಗಿಲಲ್ಲೇ “ಬೆಳ್ತಂಗಡಿಯಿಂದ ಪತ್ರ ಬಂದಿದೆ” ಅಂತ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ವಾರದೊಳಗೆ ಅಕ್ಷರ ದೊಡ್ಡದಾಯಿತು.

ಮೇಷ್ಟ್ರು ಒತ್ತಕ್ಷರದ ಬಗ್ಗೆ ಕೇಳಿದರು, ಅಂಕಿಗಳ ಬಗ್ಗೆ ಕೇಳಿದರು. ಪ್ರತಿ ಸಲವೂ ಭಾವನ ಎರಡು ಪುಟದ ಉತ್ತರ. ಹೀಗೆ ಎರಡು ವರ್ಷ! ನಡುವೆ ಮೇಷ್ಟ್ರಿಗೆ ಮೊಮ್ಮಗಳು ಹುಟ್ಟಿದಳು, ಮಂಡಿನೋವು ಬಂತು, ಪೊಳಲಿಯ ಚಿಕ್ಕಮ್ಮ ಹಚ್ಚುವ ಎಣ್ಣೆಯಲ್ಲಿಯೇ ಗುಣವೂ ಆಯಿತು.

ಒಂದು ಭಾನುವಾರ ಭಾವ ಅಂದರು: “ಬೆಳ್ತಂಗಡಿಗೆ ಹೋಗುವ. ಮೇಷ್ಟ್ರನ್ನು ಒಮ್ಮೆ ಕಾಣಬೇಕು.”

ಮೇಷ್ಟ್ರಿಗೆ ಜ್ವರ ಬರಿಸಲೇ, ಮೂಡುಬಿದಿರೆಯ ಮಗಳ ಮನೆಗೆ ಕಳಿಸಲೇ ಅಂತ ಯೋಚಿಸಿ, ಕೊನೆಗೆ ಎಲ್ಲ ಒಪ್ಪಿಕೊಂಡೆ.

ಭಾವ ನಕ್ಕರು. “ಮೊದಲ ಪತ್ರದಲ್ಲೇ ಗೊತ್ತಾಯಿತು ಮಾರಾಯ. ದಿನಾ ಕನ್ನಡ ಕೀಲಿಮಣೆಯಲ್ಲೇ ಬರೆಯುವ ಮೇಷ್ಟ್ರು, ಅದನ್ನು ಹೇಳುವುದು ಇಂಗ್ಲಿಷ್ ಅಕ್ಷರದಲ್ಲಾ? ಆ ಎಣ್ಣೆ ಬಂದ ಮೇಲಂತೂ ಸಂಶಯವೇ ಉಳಿಯಲಿಲ್ಲ.”

“ಮತ್ತೆ ಎರಡು ವರ್ಷ ಯಾಕೆ ಉತ್ತರ ಬರೆದಿರಿ?”

“ಮನೆಗೆ ದಿನಾ ಬರ್ತಿ. ಚುಚ್ಚಿದ್ದು ಬಿಟ್ಟರೆ ನನ್ನ ಕೆಲಸದ ಬಗ್ಗೆ ಒಂದು ಮಾತು ಕೇಳಿದವನಲ್ಲ ನೀನು. ಮೇಷ್ಟ್ರು ಕೇಳ್ತಾ ಇದ್ದರು.” ಆಮೇಲೆ ಮೆಲ್ಲಗೆ, “ಮತ್ತೆ, ಅಕ್ಷರ ಸಣ್ಣದಿದ್ದದ್ದು ಹೌದು” ಅಂದರು.

ನನಗೆ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ಒಂದು ದಿನವಾದರೂ ನಾನು ಅದನ್ನು ಹಾಕಿ ನೋಡಿದ್ದಿದೆಯಾ?

“ಭಾವ, ಆ ಸಾಲು ಯಾವುದು? ಹೇಳಿ, ನಾನೇ ಹೊಡೀತೇನೆ.”

ಅವರು ಕುರ್ಚಿ ಎಳೆದು ಕೊಟ್ಟು, ಹಿಂದೆ ನಿಂತರು. ಎದುರು ಇನ್ನೂ ಕನ್ನಡ ಹಾಕದ ಹೊಸ ಕಂಪ್ಯೂಟರು. ಒಂದೇ ಬೆರಳಲ್ಲಿ ಕುಟ್ಟಿದೆ. ಪರದೆಯ ಮೇಲೆ ಸಾಲುಗಳು ಓಡಿ, ನಿಂತವು. ಕೀಲಿ ಒತ್ತಿದೆ. ಮೇಷ್ಟ್ರು ಕೇಳಿದ್ದಷ್ಟೇ ದೊಡ್ಡದಾಗಿ, ಒಂದು ‘ಅ’.

ಭಾವನ ಕೈ ನನ್ನ ಹೆಗಲ ಮೇಲೆ ಬಂತು.

“ಒಬ್ಬ” ಅಂದರು.